ಕುದುರೆಗಳಿಲ್ಲದ ಚಳಿಗಾಲ

ಕರಗಾಂಡದ ಬಯಲು, ಫೆಬ್ರವರಿ

ಅಪ್ಪಾ,

ಮೊನ್ನೆ ಸುರಿದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿದೆ. ಗಾಜಿನಂಥ ಮಂಜುಗಡ್ಡೆಯೊಳಗೆ ಹುಲ್ಲು ಕಾಣುತ್ತದೆ, ಕುರಿಗಳ ಬಾಯಿಗೆ ಸಿಗುವುದಿಲ್ಲ. ನಿನ್ನೆ ಕೆರೆದು ಕೆರೆದು ಕಾಲು ರಕ್ತ ಮಾಡಿಕೊಂಡವು. ಒಣಹುಲ್ಲು ಇರುವುದು ಆರು ದಿನಕ್ಕೆ. ನೀನು ಹೆಸರೆತ್ತಲೂ ಹೆದರುತ್ತಿದ್ದ, ಹಿಂಡುಗಳನ್ನೇ ನುಂಗುವ ‘ಜುತ್’ ಇದೇ ಇರಬೇಕು.

ನೀನಿದ್ದಾಗ ಕುದುರೆಗಳನ್ನು ನೀನು ಮುಂದೆ ಬಿಡುತ್ತಿದ್ದೆ. ಅವು ಗೊರಸಿನಿಂದ ಗಡ್ಡೆ ಒಡೆದ ಜಾಗದಲ್ಲಿ ಕುರಿಗಳು ಮೇಯುತ್ತಿದ್ದವು. ನೀನು ಹೋದ ಮೇಲೆ ಆ ಹನ್ನೆರಡನ್ನೂ ಮಾರಿ ನಾನು ಜೀಪು ತಂದೆ.

ಬೆಳಗ್ಗೆ ಅಮ್ಮ ಗುದ್ದಲಿ ಎತ್ತಿಕೊಂಡು ಅಂದಳು: “ಆ ಜೀಪನ್ನೇ ಮುಂದೆ ಬಿಡೋ ಎಸೆನ್. ಕೆರೆದು ಕೊಡ್ಲಿ.”

ಮಧ್ಯಾಹ್ನದವರೆಗೆ ಇಬ್ಬರೂ ಒಡೆದೆವು. ಬಿಡಿಸಿದ್ದು ಒಂದು ಕಂಬಳಿಯಗಲ. ತಿರುಗಿ ನೋಡಿದರೆ ಒಂದು ಕುರಿಯೂ ನಮ್ಮ ಹಿಂದೆ ಬಂದಿರಲಿಲ್ಲ. ಇದ್ದ ಮುನ್ನೂರು ಕುರಿಗಳೂ ಖಾಲಿ ಲಾಯದ ಮುಂದೆ ನಿಂತಿದ್ದವು, ಕುದುರೆಗಳು ಹೊರಡಲೆಂದು ಕಾಯುತ್ತ.