ಅಪ್ಪನ ಅರ್ಧವಿರಾಮಗಳು

ಭಾನುವಾರ, ೧೪ ಜೂನ್

ಚಿ. ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು, ಜೊತೆಗೆ ಸ್ವಲ್ಪ ಕೆಂಪು ಶಾಯಿ.

ನಿನ್ನ ಕಾಗದ ತಲುಪಿತು. ನಾಲ್ಕು ಪುಟ ತಿರುವಿದರೂ ಪೂರ್ತಿ ವಾಕ್ಯ ಒಂದೂ ಸಿಗಲಿಲ್ಲ. ‘ಅಪ್ಪ ಆ ಬಾಡಿಗೆ ಕೋಣೆಯಲ್ಲಿ; ಊಟವೂ ಸರಿಯಿಲ್ಲದೆ.’ ಸರಿಯಿಲ್ಲದೆ ಏನಾಯಿತು, ತಾಯಿ? ಸೊರಗಿದರೇ? ಹೋಟೆಲಿನವನ ಜೊತೆ ಜಗಳವಾಡಿದರೇ? ‘ನೀನೂ ಅಲ್ಲಿ ಒಬ್ಬಳೇ; ಎಷ್ಟು ದಿನ ಅಂತ.’ ವಾರವೆಲ್ಲ ಪ್ರೆಸ್ಸಿನಲ್ಲಿ ಕಂಡವರ ಕರಡು ತಿದ್ದಿ ಕಣ್ಣು ಉರಿಸಿಕೊಂಡು ಬರುತ್ತೇನೆ. ಭಾನುವಾರ ಮಗಳ ಕಾಗದವನ್ನೂ ತಿದ್ದುವ ಹಣೆಬರಹವಾದರೆ ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?

ಎಷ್ಟು ಸಲ ಬಡಿದುಕೊಂಡಿದ್ದೇನೆ! ಅರ್ಧವಿರಾಮದ ಆಚೆಗೂ ಈಚೆಗೂ ಪೂರ್ತಿ ವಾಕ್ಯವೇ ಇರಬೇಕು. ಬೇಕಾದಲ್ಲೆಲ್ಲ ಉದುರಿಸಲು ಅದೇನು ಉಪ್ಪೇ? ‘ಮಳೆ ಬಂತು; ಬಟ್ಟೆ ನೆನೆಯಿತು.’ ಇದು ಸರಿ. ‘ಮಳೆ ಬಂದು; ಬಟ್ಟೆಯೆಲ್ಲ.’ ಇದು ನಿಮ್ಮ ಅಪ್ಪನದು.

ಹೌದು, ಅಪ್ಪನದೇ. ನೀನು ಹುಟ್ಟಿದಾಗಿನಿಂದ ಅರ್ಧವಿರಾಮದ ಗೊಡವೆಗೆ ಹೋದವಳಲ್ಲ. ಅಲ್ಪವಿರಾಮ ಹಾಕುವುದಕ್ಕೇ ನಿನಗೆ ಕೈ ನೋಯುತ್ತದೆ. ಅವರು ಹೊಲಿಗೆ ಯಂತ್ರದ ಕಂಪನಿಗೆ ಬಳಸುವ ವಿಧಾನದ ಪುಸ್ತಿಕೆ ಬರೆಯುತ್ತಿದ್ದ ಕಾಲದಿಂದ ನಾನು ಈ ಚಾಳಿ ನೋಡಿದ್ದೇನೆ. ‘ಸೂಜಿ ಸಿಕ್ಕಿಸಿದ ಮೇಲೆ; ಚಕ್ರವನ್ನು.’ ಚಕ್ರವನ್ನು ಏನು ಮಾಡಬೇಕು ಎಂದು ಕೇಳಲು ಅವರ ಮೇಜಿನ ಬಳಿ ಹೋದವಳು, ಹೋಗಿ ಹೋಗಿ ಅವರನ್ನೇ ಮದುವೆಯಾದೆ.

ಹಾಗಾಗಿ ಅಕ್ಷರ ನಿನ್ನದಾದರೂ ಮಾತು ಅವರದು ಎಂದು ಮೊದಲ ಪುಟದಲ್ಲೇ ಗೊತ್ತಾಯಿತು. ಅವರು ಹೇಳುತ್ತಾ ಹೋಗಿದ್ದಾರೆ, ನೀನು ಬರೆದುಕೊಂಡಿದ್ದೀಯ. ಮನೆಗೆ ವಾಪಸು ಬರುತ್ತೇನೆ ಎಂಬ ಒಂದು ಮಾತಿಗೆ ಆ ಮನುಷ್ಯ ಮಗಳ ಬೆನ್ನ ಹಿಂದೆ ಅವಿತುಕೊಳ್ಳಬೇಕೇ?

ಮನೆ ಬಿಟ್ಟು ಹೋದ ದಿನವೂ ಇದೇ ಕಥೆ. ‘ನಿನ್ನ ಜೊತೆ ಬಾಳೋದು ಅಂದ್ರೆ;’ ಅಂತ ಶುರು ಮಾಡಿದವರು, ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿದೇಬಿಟ್ಟರು. ಬಾಳೋದು ಅಂದರೆ ಏನು? ನರಕವೇ? ಪೂರ್ತಿ ಬೈದಿದ್ದರೆ ನಾನೂ ಪೂರ್ತಿ ಬೈದು ಊಟಕ್ಕೆ ಬಡಿಸುತ್ತಿದ್ದೆ. ಎರಡು ವರ್ಷದಿಂದ ಆ ಅರ್ಧ ಮಾತನ್ನು ನಾನೊಬ್ಬಳೇ ಕೂತು ಹೇಗೆಹೇಗೋ ಮುಗಿಸಿ ನೋಡಿದ್ದೇನೆ. ಪ್ರತಿ ಸಲವೂ ಅತ್ತಿದ್ದೇನೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳೇಕೆ, ಇದೆ. ನಮ್ಮಿಬ್ಬರ ನಡುವೆ ನೀನು ಅಂಚೆಯವಳಾಗಬೇಡ. ಬರುವ ಮನಸ್ಸಿದ್ದರೆ ಅವರೇ ಬಂದು, ಬಾಗಿಲಲ್ಲಿ ನಿಂತು, ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರುವ ಒಂದು ವಾಕ್ಯ ಹೇಳಲಿ. ಅಷ್ಟೂ ಆಗದಿದ್ದರೆ ಅಲ್ಲೇ ಒಣ ಬ್ರೆಡ್ಡು ತಿಂದುಕೊಂಡು ಬಿದ್ದಿರಲಿ.

ಇತಿ, ತಲೆ ಕೆಟ್ಟಿರುವ
ನಿನ್ನ ಅಮ್ಮ

ತಾ.ಕ.: ಈ ಕಾಗದವನ್ನು ಅವರಿಗೆ ತೋರಿಸಬೇಡ. ನೀನು ತೋರಿಸದೆ ಇರುವವಳಲ್ಲ ಎಂದು ನನಗೆ ಗೊತ್ತು. ಅದಕ್ಕೇ ಎರಡು ಸಲ ಹರಿದು ಹಾಕಿ, ಮತ್ತೆ ದುಂಡಗೆ ಬರೆದಿದ್ದೇನೆ. ಮಂಗಳವಾರ ಪ್ರೆಸ್ಸಿಗೆ ರಜೆ. ಇಡೀ ದಿನ ಮನೆಯಲ್ಲೇ ಇರುತ್ತೇನೆ.