ಫಿಯೊರೆಂಜಾ ತಿರುಗಿಸಿದ ಬಿರಡೆ

ಹ್ಯಾಮಿಲ್ಟನ್
ಮೇ ೧೭, ೨೦೨೫

ಪ್ರೀತಿಯ ವಿಶ್ವಾಸಣ್ಣಾ,

ಪಿಟೀಲು ಹಿಡಿಯುವ ಎಡಭುಜದ ನೋವು ಹೇಗಿದೆ? ಅತ್ತಿಗೆ ಎಣ್ಣೆ ಕಾಯಿಸಿ ಹಚ್ಚುತ್ತಿದ್ದಾರೆ ತಾನೆ? ಮುಂದಿನ ತಿಂಗಳು ಹೆಂಡರ್ಸನ್‌ನ ಕಛೇರಿಗೆ ಬರುವಾಗ ದಪ್ಪ ಸ್ವೆಟರ್ ತಾ, ಭೂಮಿಯ ಈ ದಕ್ಷಿಣ ತುದಿಯಲ್ಲಿ ಜೂನ್ ಅಂದರೆ ಕೊರೆಯುವ ಚಳಿ. ನಾವು ಚೆನ್ನಾಗಿದ್ದೇವೆ. ನನ್ನ ಮಗಳು ಪೂರ್ವಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ನೀನು ಬೇಜಾರು ಮಾಡಿಕೊಳ್ಳಬೇಡ.

ಆಸ್ಪತ್ರೆಯ ಲ್ಯಾಬ್ ಕೆಲಸವಿಲ್ಲದ ಶನಿವಾರ ಇಲ್ಲಿನವರ ಜೊತೆ ಪಿಟೀಲಿನಲ್ಲಿ ಯುರೋಪಿನ ಹಳೇ ಸಂಗೀತ ನುಡಿಸುತ್ತೇನೆ, ಬರೋಕ್ ಅಂತಾರೆ. ಈ ಸಲ ಫಿಯೊರೆಂಜಾ ಎಂಬ ಇಟಲಿಯವಳ ಸೊನಾಟಾ, ಪಿಟೀಲಿಗೆಂದೇ ಬರೆದ ಕೃತಿ. ಮುನ್ನೂರು ವರ್ಷದ ಹಿಂದಿನವಳು. ಅವಳೂ ಅವಳಣ್ಣನೂ ಅಪ್ಪನ ಹತ್ತಿರವೇ ಪಿಟೀಲು ಕಲಿತವರು. ಸೊನಾಟಾ ಬರೆದವಳು ಅವಳು, ತನ್ನ ಹೆಸರಲ್ಲಿ ಅಚ್ಚು ಹಾಕಿಸಿದವನು ಅಣ್ಣ. ಅದರಿಂದಲೇ ಅವನು ಆಸ್ಥಾನ ಸೇರಿದ. ಇನ್ನೊಂದು ಬರೆದುಕೊಡು ಅಂದಾಗ ಅವಳು ಜಗಳವಾಡಲಿಲ್ಲ, ಅಭ್ಯಾಸಕ್ಕೆ ಹೊತ್ತಿಲ್ಲದಂತೆ ಕೊನೆಯ ಗಳಿಗೆಯಲ್ಲಿ ಬರೆದುಕೊಟ್ಟಳು. ಅದನ್ನು ನುಡಿಸುವ ಮುಂಚೆ ಒಂದು ತಂತಿಯ ಶ್ರುತಿ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಬರೀ ಅಪಸ್ವರ. ಅದೊಂದನ್ನು ಮಾತ್ರ ಹೇಳಲಿಲ್ಲ. ದೊರೆಯ ಮಗಳ ಮದುವೆಯಲ್ಲಿ ಅವನು ಕಮಾನು ಎಳೆದದ್ದೇ ತಡ, ಸಭೆ ನಗತೊಡಗಿತು. ಅವಳು ಎದ್ದು ಹೋಗಿ, ಅವನ ಕೈಯಿಂದಲೇ ಪಿಟೀಲು ತೆಗೆದುಕೊಂಡು, ಬಿರಡೆ ತಿರುಗಿಸಿ ಆ ತಂತಿ ಇಳಿಸಿ, ಪೂರ್ತಿ ನುಡಿಸಿದಳು. ಅಣ್ಣ ಊರು ಬಿಟ್ಟ. ಸಾಯುವವರೆಗೂ ಆ ಆಸ್ಥಾನದಲ್ಲಿ ನುಡಿಸಿದವಳು ಅವಳೇ.

ಇದನ್ನು ಕೇಳಿ ನನಗೆಷ್ಟು ಖುಷಿಯಾಯಿತು ಗೊತ್ತಾ? ಮೈಸೂರಿನ ಆ ಕಛೇರಿಯಲ್ಲಿ ನಾನು ಕಟ್ಟಿದ ತಿಲ್ಲಾನವನ್ನು ನೀನು ಮೈಕಿನಲ್ಲಿ "ನನ್ನ ಸ್ವಂತ ರಚನೆ" ಅಂದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಕೈ ಅದುಮಿ, "ಅಣ್ಣ ಅಲ್ವೇನೇ, ಸುಮ್ನಿರು" ಅಂದಳು. ಸುಮ್ಮನಿದ್ದೆ. ನಿನಗೆ ಪ್ರಶಸ್ತಿ ಬಂತು, ಶಿಷ್ಯರು ಬಂದರು. ಆಮೇಲೊಂದು ಸಲ ಫೋನಿನಲ್ಲಿ, ಬೇಕಾದರೆ ನೀನೂ ಅದನ್ನು ನುಡಿಸಿಕೋ ಅಂತ ನನಗೇ ಅಪ್ಪಣೆ ಕೊಟ್ಟೆ. ಅಮ್ಮ ಹೋದ ಮೇಲೆ ಸುಮ್ಮನಿರಲು ನನಗೆ ಕಾರಣವೇ ಉಳಿದಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ದೇವರು ನಿನ್ನ ಕೈ ಗಟ್ಟಿಯಾಗಿಟ್ಟಿರಲಿ, ಕಛೇರಿಯ ದಿನದ ಮಟ್ಟಿಗಾದರೂ.

ನಿನ್ನ ತಂಗಿ,
ವಿಜಯಾ

ಹೇಳಲು ಮರೆತೆ: ಹೆಂಡರ್ಸನ್‌ನಲ್ಲಿ ನೀನು ತಿಲ್ಲಾನ ನುಡಿಸಿದರೂ ಬಿಟ್ಟರೂ, ನಿನ್ನ ಕಛೇರಿ ಮುಗಿದ ಮೇಲೆ ಪೂರ್ವಿ ಅದನ್ನು ಹಾಡುತ್ತಾಳೆ. ನಿನ್ನನ್ನು ಕರೆಸುತ್ತಿರುವ ಕನ್ನಡ ಸಂಘದ ಇಂದಿರಾ ಆಂಟಿ ಒಪ್ಪಿ ಕರಪತ್ರದಲ್ಲೂ ಹಾಕಿಸಿದ್ದಾರೆ. ಅದರ ಚರಣಕ್ಕೆ ಸಾಹಿತ್ಯವಿದೆ ಅಣ್ಣಾ. ನೀನು ಸ್ವರ ಎತ್ತಿಕೊಂಡು ಹೋದೆ, ಮಾತು ಏನು ಅಂತ ಒಂದು ದಿನವೂ ಕೇಳಲಿಲ್ಲ. ಕೊನೆಯ ಸಾಲಿನಲ್ಲಿ ನನ್ನ ಅಂಕಿತವಿದೆ. ಇಷ್ಟು ವರ್ಷ ಊರೂರಿನ ವೇದಿಕೆಯಲ್ಲಿ ನೀನು ನುಡಿಸಿದ್ದು ನನ್ನ ಹೆಸರನ್ನೇ.