ಟ್ರಂಕಿನ ಮುಚ್ಚಳದ ಜವಾನ

ಗುರುಪ್ರಕಾಶ,

ಎರಡು ವರ್ಷದಿಂದ ನನ್ನ ಫೋನನ್ನೇ ಎತ್ತದವನಿಗೆ ಪತ್ರ ಕಳಿಸುವಷ್ಟು ಮುಖ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ನಮ್ಮ ಸಂಗ್ರಹಕ್ಕೆಂದು ನಾವಿಬ್ಬರೂ ಊರೂರು ಅಲೆದು ಹುಡುಕಿದ, ಎಪ್ಪತ್ತೊಂದರ ಯುದ್ಧಕಾಲದ ಆ ಕಾರ್ನಿವಲ್ ಪೋಸ್ಟರ್ ಇವತ್ತು ಉಳವಿಯಲ್ಲಿ ಸಿಕ್ಕಿತು. ಹಿಂದೆ ಜೈಂಟ್ ವೀಲು, ಮುಂದೆ ಬಂದೂಕು ಹಿಡಿದ ಜವಾನ, ಕೆಳಗೆ 'ಟಿಕೆಟ್ ಕೊಳ್ಳಿ, ಜವಾನರಿಗೆ ನೆರವಾಗಿ'. ಗುತ್ಯಮ್ಮ ಎಂಬ ಅಜ್ಜಿ ಅದನ್ನು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಳು. ಜವಾನನ ಹಣೆ ತುಂಬ ಕುಂಕುಮ.

"ನಮ್ಮಣ್ಣ ರೀ. ಮಿಲ್ಟ್ರಿಗೆ ಹೋದವ ವಾಪಸ್ ಬರ್ಲಿಲ್ಲ. ಬ್ಯಾರೆ ಫೋಟೊ ಇಲ್ಲ," ಎಂದಳು.

ಅಲ್ಲಿಂದ ಎದ್ದು ಬರಬೇಕಿತ್ತು. "ಇದು ನಿಮ್ಮಣ್ಣ ಅಲ್ಲ ಅಜ್ಜಿ. ಪ್ರೆಸ್ಸಿನೋರು ಬರೆಸಿದ ಚಿತ್ರ, ಎಲ್ಲಾ ಊರಲ್ಲೂ ಇದೇ ಮುಖ," ಎಂದೆ. ನನ್ನಲ್ಲಿರುವ ಹರಿದ ಪ್ರತಿಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆ.

ಅವಳು ಬಹಳ ಹೊತ್ತು ನೋಡಿದಳು. "ಹಂಗಾರೆ ತಗಂಡ್ ಹೋಗ್ರಿ."

ಒದ್ದೆ ಬಟ್ಟೆ ಒತ್ತಿ ಪೋಸ್ಟರ್ ಬಿಡಿಸಿಕೊಂಡೆ. ನೀರು ತಂದುಕೊಟ್ಟವಳೂ ಅವಳೇ. ಥೂ, ನಾನು ಥ್ಯಾಂಕ್ಸ್ ಬೇರೆ ಹೇಳಿದೆ.

ಎರಡು ವರ್ಷದ ಹಿಂದೆ ತೊಗರ್ಸಿಯ ಮನೆಯೊಂದರಲ್ಲಿ ಇದೇ ಪೋಸ್ಟರಿನ ಮೇಲೆ ಇಂಥದ್ದೇ ಕುಂಕುಮ ಕಂಡು ನೀನು ಅದನ್ನು ಮುಟ್ಟದೆ ಬಂದಾಗ, "ಕಾಗದ ಕಣೋ ಅದು" ಎಂದು ಎಲ್ಲರೆದುರು ನಕ್ಕಿದ್ದೆ. ಶಿಕಾರಿಪುರದವರೆಗೂ ನೀನು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಿದ್ದೆ.

ಮನೆಗೆ ಬಂದವನೇ ಹತ್ತಿ ಹಿಡಿದು ಕುಂಕುಮ ಒರೆಸಲು ಕೂತೆ. ಐವತ್ತು ವರ್ಷ ಹಚ್ಚಿದ್ದು. ಅದರ ಜೊತೆಗೇ ಹಣೆ, ಕಣ್ಣು, ಮೀಸೆ ಎಲ್ಲ ಎದ್ದು ಬಂತು.

ಈಗ ಅವನು ನಿಜವಾಗಿಯೂ ಯಾರ ಅಣ್ಣನೂ ಅಲ್ಲ.